ಸ್ಕೂಟರಿನ ಮೇಲೆ ಕೂತು ಬರೆದ ದಾರಿ

ಗಂಡನನ್ನು ನಾನು ಏಕವಚನದಲ್ಲಿ ಕೂಗುತ್ತಿದ್ದದ್ದು ಕಾರಿನೊಳಗೆ ಮಾತ್ರ, ಅದೂ ಇಬ್ಬರ ತಲೆಗೂ ಹೆಲ್ಮೆಟ್ ಇದ್ದಾಗ ಮಾತ್ರ. "ಬಲಕ್ಕೆ ಬಿಗಿ ತಿರುವು, ಹಿಡಿ, ಹಿಡಿ, ಈಗ ಬಿಡು. ಬಿಡು ಅಂದ್ನಲ್ಲ, ಕಿವಿ ಇಲ್ವಾ!" ಒಂದು ಸಲ ನಮ್ಮ ಗೆಳೆಯರೊಬ್ಬರು ಇದನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದು ಮನೆಗೆ ತಂದು ಹಾಕಿದರು. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಪೂರ್ತಿ ಕೇಳಿ, "ನನ್ನ ಮಗನ್ನ ಗಾಡಿ ಎತ್ತಿನ ಹಾಗೆ ಹೊಡೀತೀಯಲ್ಲೇ" ಎಂದರು. ಆ ಮಗ ಪಕ್ಕದಲ್ಲೇ ಕೂತು ನಗುತ್ತಿದ್ದರು. ಮನೆಯಲ್ಲಿ ಸಾರಿಗೆ ಉಪ್ಪು ಮರೆತರೂ ಬಾಯಿ ಬಿಡದ ಮನುಷ್ಯ ಅವರು.

ರ‍್ಯಾಲಿ ಎಂದರೇನೆಂದು ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಂದು ಮಣ್ಣಿನ ದಾರಿಯನ್ನು ಅವತ್ತಿನ ಮಟ್ಟಿಗೆ ಮುಚ್ಚಿ, ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಯಾರು ಬೇಗ ಆ ತುದಿ ಮುಟ್ಟುತ್ತಾರೋ ಅವರು ಗೆದ್ದಂತೆ. ಓಡಿಸುವವರಿಗೆ ತಿರುವಿನ ಆಚೆ ಏನಿದೆಯೆಂದು ಕಾಣುವುದಿಲ್ಲ. ಆ ದಾರಿಯನ್ನು ಮೊದಲೇ ನೋಡಿ ಬರೆದುಕೊಂಡು, ಓಡುವಾಗ ಪಕ್ಕದಲ್ಲಿ ಕೂತು ಓದಿ ಹೇಳುವವರು ಇನ್ನೊಬ್ಬರು. ನಮ್ಮ ಕಾರಿನಲ್ಲಿ ಓದುವವಳು ನಾನು. ನನ್ನ ಮಾತು ನಂಬಿ ಇವರು ಕಾಣದ ಕಡೆಗೆ ಕಾರು ನುಗ್ಗಿಸಬೇಕು. ಸಪ್ತಪದಿ ತುಳಿಯುವಾಗಲೂ ಇವರು ನನ್ನನ್ನು ಅಷ್ಟು ನಂಬಿರಲಿಲ್ಲ.

ನಾನು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಪ್ಪ ರೈಲ್ವೆಯವರು, ಮನೆಯಲ್ಲಿ ಕನ್ನಡ, ಬಾಗಿಲಾಚೆ ತಮಿಳು. ನನ್ನ ಕನ್ನಡಕ್ಕೆ ತಮಿಳಿನ ಒಗ್ಗರಣೆ ಜಾಸ್ತಿ ಎಂದು ಇವರ ಕಡೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಇವರು ಮೈಸೂರಿನಿಂದ ಕೆಲಸಕ್ಕೆಂದು ಬಂದು ಅಂಬತ್ತೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಸೇರಿಕೊಂಡಿದ್ದರು. ನಾನು ವಿಮಾ ಕಚೇರಿಯಲ್ಲಿ, ಗುದ್ದಿಕೊಂಡ ವಾಹನಗಳ ಕ್ಲೇಮು ನೋಡುವ ವಿಭಾಗದಲ್ಲಿ. ಹಗಲೆಲ್ಲ ಜಜ್ಜಿಹೋದ ಕಾರುಗಳ ಫೋಟೋ ನೋಡಿ, ಭಾನುವಾರ ಬಂದರೆ ನಾನೇ ಹೋಗಿ ಜಜ್ಜಿಸಿಕೊಳ್ಳುವ ಕಾರಿನಲ್ಲಿ ಕೂರುತ್ತಿದ್ದೆ. ರ‍್ಯಾಲಿಯಲ್ಲಿ ಆದ ಅಪಘಾತಕ್ಕೆ ವಿಮೆ ನಯಾಪೈಸೆ ಕೊಡುವುದಿಲ್ಲ ಎಂಬ ಸಾಲು ನನಗೆ ಬಾಯಿಪಾಠವಾಗಿತ್ತು. ಸಹೋದ್ಯೋಗಿಗಳು ನನ್ನನ್ನು ಹುಚ್ಚಿ ಎನ್ನುತ್ತಿದ್ದರು, ಅವರೇನೂ ತಪ್ಪು ಹೇಳುತ್ತಿರಲಿಲ್ಲ.

ಶುರುವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮದ್ರಾಸು ಚೆನ್ನೈ ಆಗಿ ಇನ್ನೂ ನಾಲಿಗೆಗೆ ಹತ್ತದಿದ್ದ ಕಾಲ. ಬೀಚ್ ರೋಡಿನಲ್ಲಿ ಭಾನುವಾರ ಬೆಳಿಗ್ಗೆ ಬಾವುಟ ಬೀಸಿದರೆ ಸಾಕು, ಯಾರ ಹತ್ತಿರ ಕಾರಿದೆಯೋ ಅವರೆಲ್ಲ ಹೊರಡಬಹುದಿತ್ತು. ಹಲ್ಲಿನ ಡಾಕ್ಟರು, ಬ್ಯಾಂಕಿನ ಗುಮಾಸ್ತರು, ಕ್ರೋಂಪೇಟೆಯ ಚರ್ಮದ ವ್ಯಾಪಾರಿಯೊಬ್ಬರು, ಹೆಂಡತಿ ಮಕ್ಕಳು ಅತ್ತಿಗೆ ನಾದಿನಿ ಸಮೇತ. ನಾನು ಅಡುಗೆಮನೆಯ ಗಡಿಯಾರವನ್ನು ಕಾರಿನ ಮುಂದೆ ಹಗ್ಗದಲ್ಲಿ ಕಟ್ಟಿಕೊಂಡಿದ್ದೆ. ಹೆಲ್ಮೆಟ್ಟು ಸ್ಕೂಟರಿನದೇ. ಇವರು ತೊಡುತ್ತಿದ್ದದ್ದು ಕಾರ್ಖಾನೆಯ ನೀಲಿ ಓವರಾಲ್. ಮಧ್ಯಾಹ್ನ ಯಾವುದಾದರೂ ಸವುಕ್ಕು ತೋಪಿನಲ್ಲಿ, ಅಂದರೆ ಗಾಳಿಮರದ ನೆರಳಿನಲ್ಲಿ, ಎಲ್ಲರೂ ಡಬ್ಬಿ ಬಿಚ್ಚಿ ಪುಳಿಯೋದರೆ ಮೊಸರನ್ನ ಹಂಚಿಕೊಂಡು ತಿನ್ನುವುದು. ಗೆದ್ದವರಿಗೆ ಪ್ರೆಷರ್ ಕುಕ್ಕರು. ಸೋಮವಾರ ಅದೇ ಕಾರಿನ ಧೂಳು ಕೊಡವಿ ಇವರು ಅಂಬತ್ತೂರಿಗೆ ಹೊರಡುತ್ತಿದ್ದರು.

ಇವರಿಗೊಂದು ಕೆಟ್ಟ ಚಾಳಿಯಿತ್ತು. ದಾರಿಯಲ್ಲಿ ಯಾರ ಕಾರು ಸಿಕ್ಕಿಕೊಂಡಿದ್ದರೂ ನಿಲ್ಲಿಸುವುದು. ಒಮ್ಮೆ ಬಹುಮಾನ ಕಣ್ಣೆದುರಿಗಿತ್ತು. ಮರಳಿನಲ್ಲಿ ಹೂತುಕೊಂಡಿದ್ದ ಒಂದು ಕಾರಿಗೆ ಇವರು ನಮ್ಮ ಸ್ಟೆಪ್ನಿ ಚಕ್ರ ಬಿಚ್ಚಿ ಹಾಕಿಕೊಟ್ಟು, ಅದನ್ನು ತಳ್ಳಿ ಮೇಲಕ್ಕೆ ಹತ್ತಿಸಿ, ಆಮೇಲೆ ಹೊರಟರು. ಬಹುಮಾನ ಆ ಕಾರಿನವರಿಗೇ ಹೋಯಿತು. ಮನೆ ಮುಟ್ಟುವವರೆಗೂ ಬೈದೆ. "ಕೊಂಜ ಆದ್ರೂ ಬುದ್ಧಿ ಬೇಡ್ವಾ ರೀ ನಿಮಗೆ? ಕರ್ಣ ಮಹಾರಾಜಾನಾ ನೀವು?" ಇವರು ಗೇರು ಬದಲಿಸುತ್ತಾ, "ಕಾರಲ್ಲಿ ಮಕ್ಕಳಿದ್ರು ಕಣೇ" ಎಂದರು. ಅಷ್ಟೇ ಉತ್ತರ.

ಅಂಥ ಭಾನುವಾರಗಳಿಂದ ನಿಜವಾದ ರ‍್ಯಾಲಿಗೆ ನಾವು ಯಾವಾಗ ಜಾರಿದೆವೋ ತಿಳಿಯಲಿಲ್ಲ. ಎಂಟುನೂರು ಸಿಸಿಯ ಪುಟ್ಟ ಬಿಳಿ ಕಾರಿನ ಹಿಂದಿನ ಸೀಟು ಕಿತ್ತು ಮಾಳಿಗೆಗೆ ಸಾಗಿಸಿದೆವು. ಅಂಬತ್ತೂರಿನಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ ಗೆಳೆಯರೊಬ್ಬರು, ಟೇಪ್ ರೆಕಾರ್ಡರ್ ತಂದವರೂ ಅವರೇ, ಭಾನುವಾರ ಶೆಡ್ಡಿನ ಬಾಗಿಲು ತೆರೆದುಕೊಟ್ಟರು. ತಿರುವಳ್ಳೂರಿನ ಆಚೆ, ವೆಲ್ಲೂರಿನ ಗುಡ್ಡಗಳ ಬುಡದಲ್ಲಿ, ಎಲ್ಲಿ ರ‍್ಯಾಲಿ ಎಂದರೆ ಅಲ್ಲಿ ನಾವು. ಚೆನ್ನೈಗೆ ನೀರೇ ಇಲ್ಲದ ವರ್ಷ ಒಣಗಿದ ಕೆರೆಗಳ ಒಡಲಲ್ಲೇ ಓಡಿಸಿದೆವು. ಮನೆಗೆ ಬಂದರೆ ಮೈ ತೊಳೆಯಲು ಒಂದು ಕೊಡ ನೀರಿಗೆ ಲಾರಿ ಕಾಯಬೇಕು. ಆದರೂ ಅಷ್ಟು ಸುಖ ನಾನು ಎಲ್ಲೂ ಪಟ್ಟಿಲ್ಲ. ಮೂಕನಂತಿದ್ದ ಗಂಡ ಸ್ಟೀರಿಂಗ್ ಹಿಡಿದರೆ ಬೇರೆಯೇ ಮನುಷ್ಯ ಆಗುತ್ತಿದ್ದರು. ನಾನು ಹೇಳಿ ಮುಗಿಸುವ ಮೊದಲೇ ಅವರ ಕೈ ತಿರುಗಿರುತ್ತಿತ್ತು. ಮಗಳು ಹುಟ್ಟಿದ ಮೇಲೆ ಎರಡು ವರ್ಷ ಬಿಟ್ಟೆವು, ಮತ್ತೆ ಹೋದೆವು. ಅತ್ತೆ ಮೈಸೂರು ಬಿಟ್ಟು ಬಂದದ್ದೇ ಆ ಮಗುವನ್ನು ನೋಡಿಕೊಳ್ಳಲು.

ಆಮೇಲೆ ಖರ್ಚು ಏರತೊಡಗಿತು. ಒಂದೇ ಸಲ ಏರಿದ್ದರೆ ಒಂದೇ ಸಲ ಕೈಮುಗಿದು ಬರುತ್ತಿದ್ದೆವು. ವರ್ಷಕ್ಕೊಂದು ಹೊಸ ನಿಯಮ ಬರುತ್ತಿತ್ತು. ಈ ವರ್ಷ ಸ್ಕೂಟರ್ ಹೆಲ್ಮೆಟ್ ನಡೆಯುವುದಿಲ್ಲ. ಮುಂದಿನ ವರ್ಷ ಓವರಾಲ್ ನಡೆಯುವುದಿಲ್ಲ, ಬೆಂಕಿ ತಗುಲದ ಬಟ್ಟೆಯೇ ಆಗಬೇಕು, ಅದು ಹೊರದೇಶದಿಂದ ಬರಬೇಕು. ಕಾರಿನೊಳಗಿನ ಕಬ್ಬಿಣದ ಪಂಜರಕ್ಕೆ ಇಂಥದೇ ಕೊಳವೆ ಎಂದರು, ನಮ್ಮ ಗೆಳೆಯರು ಬೆಸೆದಿದ್ದನ್ನು ಕತ್ತರಿಸಿ ಮತ್ತೆ ಬೆಸೆದರು. ಸೀಟು ಬದಲಾಯಿಸಿ ಎಂದರು. ಬೆಲ್ಟಿಗಂತೂ ಹಾಲಿನ ಪ್ಯಾಕೆಟ್ಟಿನ ಹಾಗೆ ಕೊನೆಯ ದಿನಾಂಕ! ದಿನ ಮುಗಿದರೆ ಗಟ್ಟಿಮುಟ್ಟಾಗಿದ್ದರೂ ಬಿಸಾಡಬೇಕು. ಕಾರಿನ ತಪಾಸಣೆಗೆ ನಿಂತವರು ಬೆಲ್ಟಿನ ಚೀಟಿ ಮಗುಚಿ ನೋಡಿ ತಲೆ ಅಲ್ಲಾಡಿಸಿದ ದಿನ ನಾನು ಅವರ ಮುಂದೆಯೇ ಕೂಗಾಡಿದೆ. ಪಾಪ, ಅವರದೇನು ತಪ್ಪು. ನಮ್ಮ ಜೀವ ಉಳಿಯಲಿ ಎಂದೇ ಆ ನಿಯಮಗಳು, ಅಷ್ಟು ನನಗೂ ಗೊತ್ತಿತ್ತು. ಆದರೆ ಕಾರಿಗಿಂತ ಬೆಲ್ಟು ಸೀಟು ಬಟ್ಟೆಗಳೇ ಹೆಚ್ಚಾಗಿ, ಮೂಗಿಗಿಂತ ಮೂಗುತಿ ಭಾರ ಎಂಬ ಹಾಗಾಗಿತ್ತು.

ಒಂದು ಬೇಸಿಗೆ ಮನೆಯ ಫ್ರಿಜ್ಜು ಕೆಟ್ಟಿತು. ಅದರ ರಿಪೇರಿಗೆಂದು ಎತ್ತಿಟ್ಟದ್ದು ಬೆಲ್ಟಿಗೆ ಹೋಯಿತು. ಚೆನ್ನೈಯ ಕತ್ತರಿ ಬಿಸಿಲಿನಲ್ಲಿ, ಮೇ ತಿಂಗಳಿಡೀ, ಮಣ್ಣಿನ ಮಡಕೆಯ ನೀರು, ಹೊತ್ತಿಗೊಮ್ಮೆ ತಂದ ಹಾಲು, ಸಂಜೆಗೆ ಹಳಸುವ ಹುಳಿ. ಅತ್ತೆ ಒಂದು ದಿನ ಒಡೆದ ಹಾಲು ಚೆಲ್ಲುತ್ತಾ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಜೊತೆಯಲ್ಲಿದ್ದವರು ಒಬ್ಬೊಬ್ಬರೇ ಕಾಣೆಯಾದರು. ಹಲ್ಲಿನ ಡಾಕ್ಟರು ಬಿಟ್ಟರು, ಚರ್ಮದ ವ್ಯಾಪಾರಿ ಬಿಟ್ಟರು, ಗುಮಾಸ್ತರು ಕಾರನ್ನೇ ಮಾರಿದರು. ಅವರ ಜಾಗದಲ್ಲಿ ದೊಡ್ಡ ತಂಡಗಳು ಬಂದವು. ಅವರಿಗೊಂದು ಲಾರಿ, ಶಾಮಿಯಾನ, ಸಾಲುಸಾಲು ಮೆಕ್ಯಾನಿಕ್ಕುಗಳು. ಅವರು ಒಂದು ಓಟಕ್ಕೆ ಒಂದು ಜೊತೆ ಟೈರು ಹಾಕಿ, ಇನ್ನೂ ಅರ್ಧ ಜೀವ ಇರುವಾಗಲೇ ಕಿತ್ತು ಪಕ್ಕಕ್ಕೆ ಎಸೆಯುತ್ತಿದ್ದರು. ಓಟ ಮುಗಿದ ಮೇಲೆ ನಮ್ಮಂಥವರು ಆ ರಾಶಿಯ ಮುಂದೆ ನಿಲ್ಲುತ್ತಿದ್ದೆವು. ಕೊಡುವವರು ಒಳ್ಳೆಯವರೇ, ನಗುತ್ತಲೇ ಕೊಡುತ್ತಿದ್ದರು. ಆ ನಗುವೇ ನನ್ನ ಎದೆ ಸುಡುತ್ತಿತ್ತು. ಹತ್ತು ವರ್ಷ ಸಂಬಳ ತಂದ ಹೆಂಗಸು ನಾನು, ಇನ್ನೊಬ್ಬರ ಸವೆದ ಟೈರಿಗೆ ಕೈಚಾಚಿ ನಿಂತಿದ್ದೇನಲ್ಲ ಎಂದು ಅಳು ಬರುತ್ತಿತ್ತು. ಇವರು ಮಾತ್ರ ಒಂದೊಂದೇ ಟೈರು ಎತ್ತಿ, ಅಂಗೈಯಲ್ಲಿ ಸವರಿ, ತರಕಾರಿ ಆರಿಸುವ ಹಾಗೆ ಆರಿಸುತ್ತಿದ್ದರು.

ಕೊನೆಗೆ ಅದೂ ನಿಂತಿತು. ದೊಡ್ಡವರ ಕಾರುಗಳು ದೊಡ್ಡವಾದವು, ಅವರ ಟೈರು ನಮ್ಮ ಚಕ್ರಕ್ಕೆ ಕೂರದಾಯಿತು. ಆ ವರ್ಷ ನಮ್ಮ ಹತ್ತಿರ ಇದ್ದದ್ದು ಒಂದು ಓಟಕ್ಕೆ ಸಾಲುವಷ್ಟು ರಬ್ಬರು ಮಾತ್ರ. ಅಷ್ಟರಲ್ಲಿ ಮೌಂಟ್ ರೋಡಿನ ಒಬ್ಬ ಟೈರು ವ್ಯಾಪಾರಿ, ತಾವೂ ಹಿಂದೆ ಬೀಚ್ ರೋಡಿನಲ್ಲಿ ನಮ್ಮ ಜೊತೆ ಓಡಿಸಿದವರು, ಒಂದು ಮಾತು ಕೊಟ್ಟರು. ತಿರುವಳ್ಳೂರಿನ ರ‍್ಯಾಲಿಯಲ್ಲಿ ಸಣ್ಣ ಕಾರುಗಳ ಪೈಕಿ ಮೊದಲ ಮೂರರೊಳಗೆ ಬಂದವರಿಗೆ ಒಂದು ವರ್ಷದ ಟೈರು ತಮ್ಮ ಲೆಕ್ಕದಲ್ಲಿ. ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅದನ್ನು ಹೇಳಿದರು. ಆಮೇಲೆ ಕೈಕಾಲು ತೊಳೆದು ಬಂದು, ತಟ್ಟೆಯ ಮುಂದೆ ಕೂತು ಹೇಳಿದರು, "ಇದು ಸಿಕ್ಕಿದ್ರೆ ಇನ್ನೊಂದು ವರ್ಷ ಕಣೇ. ಸಿಗ್ದಿದ್ರೆ ಕಾರು ಮಾರೋಣ. ಇನ್ನು ಮನೆಯವರ ಹೊಟ್ಟೆ ಮೇಲೆ ಹೊಡೆಯೋದು ಬೇಡ." ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅಪರೂಪ.

ಓಟಕ್ಕೆ ಮೊದಲು ದಾರಿ ನೋಡಿ ಬರೆದುಕೊಳ್ಳಬೇಕು ಎಂದೆನಲ್ಲ. ದೊಡ್ಡ ತಂಡಗಳಿಗೆ ಅದಕ್ಕೆಂದೇ ಬೇರೆ ಕಾರು ಇರುತ್ತದೆ. ಓಟದ ಕಾರಿನಷ್ಟೇ ಅಗಲ, ಅಷ್ಟೇ ಎತ್ತರ, ಅದೇ ದಾರಿಯಲ್ಲಿ ನಾಲ್ಕಾರು ಸಲ ಹೋಗಿ ಬರುತ್ತಾರೆ. ನಮ್ಮಂಥವರು ದಾರಿ ನೋಡುತ್ತಿದ್ದದ್ದು ಸ್ಕೂಟರಿನಲ್ಲಿ. ಇದ್ದೊಂದು ಕಾರನ್ನು ಓಟಕ್ಕೆ ಮೊದಲೇ ಕಲ್ಲುಮಣ್ಣಿನಲ್ಲಿ ದಣಿಸಲು ಯಾರಿಗೆ ಧೈರ್ಯ? ಆ ಸಲವಂತೂ ಅದರ ಇಂಜಿನ್ನು ಶೆಡ್ಡಿನ ನೆಲದ ಮೇಲೆ ಬಿಚ್ಚಿಕೊಂಡು ಕೂತಿತ್ತು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ, ಚೂಡಿದಾರ ತೊಟ್ಟು, ಕಾಲು ಎರಡು ಬದಿಗೆ ಹಾಕಿ ಕೂತು ನಾನು ಹೊರಟೆ. ಇವರ ಬೆನ್ನೇ ನನ್ನ ಮೇಜು. ರಟ್ಟಿಗೆ ಕಾಗದ ಸಿಕ್ಕಿಸಿ, ಬೆನ್ನಿಗೆ ಒತ್ತಿ, ಬರೆಯುತ್ತಾ ಹೋಗುವುದು. ಗುಂಡಿಗೆ ಚಕ್ರ ಇಳಿದರೆ ಅಕ್ಷರ ಹಾರುತ್ತಿತ್ತು, ಪೆನ್ನು ಇವರ ಬೆನ್ನಿಗೆ ಚುಚ್ಚುತ್ತಿತ್ತು. "ಅಯ್ಯೋ, ಸಾವಕಾಶ ಕಣೇ" ಎನ್ನುತ್ತಿದ್ದರು.

ಒಂದು ಕಡೆ ದಾರಿ ದೊಡ್ಡ ಕೆರೆಯ ಏರಿ ಹತ್ತುತ್ತದೆ. ಹಿಂದಿನ ಮಳೆಗಾಲ ಚೆನ್ನಾಗಿ ಆಗಿ ಕೆರೆ ಇನ್ನೂ ತುಂಬಿತ್ತು. ಏರಿಯ ಮೇಲೆ ನೇರ ದಾರಿ, ಕಣ್ಣಿಗೆ ತಂಪು. ನಡುವೆ ನೀರು ಬಿಡುವ ತೂಬಿನ ಮೇಲೆ ಒಂದು ಪುಟ್ಟ ಸೇತುವೆ, ಎರಡೂ ಬದಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ. ಅಲ್ಲೊಬ್ಬ ಮುದುಕ ತಾಟಿನುಂಗು ಮಾರುತ್ತಿದ್ದ. ನಾವು ಸ್ಕೂಟರನ್ನು ಸೇತುವೆಯ ಮೇಲೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಆ ಗೋಡೆಯ ಮೇಲೆ ಕೂತು ನುಂಗು ತಿಂದೆವು. ನಾವು ತಿನ್ನುವಾಗಲೇ ಹುಲ್ಲಿನ ಹೊರೆ ಹೇರಿಕೊಂಡ ಒಂದು ಸೈಕಲ್ಲು ನಮ್ಮ ಸ್ಕೂಟರಿನ ಪಕ್ಕದಲ್ಲಿ ಆರಾಮಾಗಿ ದಾಟಿಹೋಯಿತು. ಎಷ್ಟು ಅಗಲವಾದ ಸೇತುವೆ ಎಂದು ನಮಗಿಬ್ಬರಿಗೂ ಅನಿಸಿತೋ ಏನೋ. ಇನ್ನೂ ನಿಜ ಹೇಳಬೇಕೆಂದರೆ ಸೇತುವೆ ಎಂದೇ ಅನಿಸಲಿಲ್ಲ, ಕೂತುಕೊಳ್ಳಲು ಕಟ್ಟೆ ಸಿಕ್ಕಿತು ಎಂದಷ್ಟೇ ಅನಿಸಿತು. ಮತ್ತೆ ಸ್ಕೂಟರ್ ಹತ್ತಿದಾಗ ನಾನು ಬರೆದದ್ದು, "ಏರಿ ಮೇಲೆ ನೇರ, ಉದ್ದ, ಪೂರ್ತಿ ಬಿಡು." ಬಿಡು ಎಂದರೆ ನಮ್ಮ ಭಾಷೆಯಲ್ಲಿ ಇದ್ದಷ್ಟೂ ವೇಗದಲ್ಲಿ ಬಿಡು ಎಂದು.

ತಪ್ಪು ಯಾರದು ಎಂದು ಆಮೇಲೆ ಬಹಳ ಜನ ಕೇಳಿದರು. ನನಗೆ ಸಿಟ್ಟು ಬರುತ್ತದೆ. ಕಾರಿನಲ್ಲಿ ಒಂದು ಸಲ ಆ ದಾರಿಯಲ್ಲಿ ಹೋಗಿದ್ದರೆ ಕುರುಡಿಗೂ ಕಾಣುತ್ತಿತ್ತು, ಆ ಗೋಡೆಗಳ ನಡುವೆ ಕಾರು ಹಿಡಿಸುವುದೇ ಕಷ್ಟ ಎಂದು. ನಾವು ಹೋದದ್ದು ಸ್ಕೂಟರಿನಲ್ಲಿ, ಏಕೆಂದರೆ ನಮ್ಮ ಹತ್ತಿರ ಇದ್ದದ್ದು ಅದು. ಇದರಲ್ಲಿ ಇನ್ನೇನು ವಿಚಾರಣೆ?

ಓಟದ ದಿನ ಬೆಳಿಗ್ಗೆಯಿಂದ ಎಲ್ಲ ನಮ್ಮ ಕಡೆಗೇ ಇತ್ತು. ಸಣ್ಣ ಕಾರುಗಳಲ್ಲಿ ಇಬ್ಬರ ಗೇರ್‌ಬಾಕ್ಸು ಹೋಯಿತು, ಇನ್ನೊಬ್ಬರು ಹೊಲಕ್ಕೆ ಇಳಿದರು. ಅವತ್ತಿನ ಓಟಗಳ ಸಮಯವನ್ನೆಲ್ಲ ಕೂಡಿಸಿದರೆ, ಕೊನೆಯ ಓಟಕ್ಕೆ ಮೊದಲು ನಾವು ಮೂರನೆಯವರು. ಹಿಂದಿನವರು ಕೆಲವೇ ನಿಮಿಷ ಹಿಂದಿದ್ದರು, ಅವರ ಟೈರು ಹೊಸದು. ಇವರು ನೀರು ಕುಡಿದು ಬಾಟಲಿ ನನಗೆ ಕೊಟ್ಟು, "ನೀನು ಓದು, ಉಳಿದದ್ದು ನಂಗೆ ಬಿಡು" ಎಂದರು. ಆ ವರ್ಷದಿಂದ ಹೆಲ್ಮೆಟ್ಟುಗಳ ನಡುವೆ ಮಾತು ಕೇಳಿಸುವ ತಂತಿ ಹಾಕಿಸಲೇಬೇಕಾಗಿ ಬಂದಿತ್ತು. ಅದಕ್ಕೂ ಬೈದುಕೊಂಡೇ ಹಾಕಿಸಿದ್ದೆವು. ನನ್ನ ದನಿ, ನನ್ನ ಉಸಿರು ಎಲ್ಲವೂ ಇವರ ಕಿವಿಯೊಳಗೇ ಬೀಳುತ್ತಿತ್ತು, ಕಿರುಚಬೇಕಾಗಿರಲಿಲ್ಲ.

ಏರಿ ಹತ್ತಿದೆವು. ನಾನು ಓದಿದೆ, "ನೇರ, ಉದ್ದ, ಪೂರ್ತಿ ಬಿಡು." ಇವರು ಬಿಟ್ಟರು. ಕಾಗದದಿಂದ ತಲೆ ಎತ್ತಿದರೆ ಎದುರಿಗೆ ಎರಡು ಬಿಳಿ ಕಲ್ಲಿನ ಗೋಡೆ, ನಡುವೆ ಒಂದು ಸಂದು. "ನಡೂ! ನಡೂ ಹಿಡಿ!" ಎಂದು ಕೂಗಿದ್ದು ನೆನಪಿದೆ. ಇವರು ಹಿಡಿದರು, ಆದರೆ ಹಿಡಿಯಲು ಜಾಗ ಬೇಕಲ್ಲ. ಎಡಗಡೆಯ ಮುಂದಿನ ಚಕ್ರ ಗೋಡೆಯ ತುದಿಗೆ ಬಡಿಯಿತು. ಕಾರು ಸೇತುವೆ ದಾಟಿ ಅಡ್ಡ ತಿರುಗಿ, ಮೂತಿ ಕೆರೆಯ ಕಡೆಗೆ ಚಾಚಿಕೊಂಡು ನಿಂತಿತು. ನನ್ನ ಎಡಭುಜದೊಳಗೆ ಒಣಗಿದ ಕಡ್ಡಿ ಮುರಿದಂತಾಯಿತು. ದಿನಾಂಕದ ಬೆಲ್ಟು, ಪಂಜರ, ಸೀಟು, ಯಾವುದನ್ನೆಲ್ಲ ಶಪಿಸಿದ್ದೆನೋ ಅವೇ ನನ್ನನ್ನು ಉಳಿಸಿದವು. ಹಳೆಯ ಬೆಲ್ಟಿನಲ್ಲಿದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ನಮ್ಮಲ್ಲೊಂದು ಪದ್ಧತಿ. ಚಕ್ರ ಹೋದರೆ ಜ್ಯಾಕ್ ಹಿಡಿದು ಮೊದಲು ಇಳಿಯುವವಳು ನಾನು. ಇವರು ಬರುವಷ್ಟರಲ್ಲಿ ನಾನು ಕಾರು ಎತ್ತಿರಬೇಕು, ನಟ್ಟುಗಳನ್ನು ಒಂದೊಂದಾಗಿ ಕೈಗೆ ಕೊಡಬೇಕು. ಮನೆಯ ಮುಂದೆ ನೂರು ಸಲ ಅಭ್ಯಾಸ ಮಾಡಿದ್ದೆವು, ಬೀದಿಯವರು ನಿಂತು ನೋಡುತ್ತಿದ್ದರು. ಅವತ್ತು ನಾನು ಇಳಿಯಲಿಲ್ಲ. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಲಗೈಯಲ್ಲಿ ಕಾಗದ ಹಿಡಿದು ಕೂತೇ ಇದ್ದೆ. ಇವರೇ ಬಂದು ಜ್ಯಾಕ್ ತೆಗೆದರು, ಇವರೇ ಎತ್ತಿದರು. ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು, ಎಮ್ಮೆ ತೊಳೆಯುತ್ತಿದ್ದ ಗಂಡಸರು ಓಡಿಬಂದು ಕಾರನ್ನು ಎತ್ತಿ ದಾರಿಗೆ ತಿರುಗಿಸಿಕೊಟ್ಟರು. ಹೆಂಗಸರಲ್ಲಿ ಒಬ್ಬಳು ಕಿಟಕಿಯಲ್ಲಿ ಬಗ್ಗಿ ನನ್ನ ಮುಖ ನೋಡಿ, "ಐಯ್ಯಯ್ಯೋ, ಇರಂಗುಂಗ ಅಕ್ಕಾ" ಎಂದಳು, ಇಳಿಯಿರಿ ಅಕ್ಕಾ ಎಂದು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಇವರು ಚಕ್ರ ಬಿಗಿದು ಎದ್ದು ನಿಂತು, ಕಿಟಕಿಯಿಂದ ಒಂದು ಸಲ ನನ್ನ ಕಡೆ ನೋಡಿದರು. ಏನೂ ಕೇಳಲಿಲ್ಲ. ಬಂದು ಕೂತು ಕಾರು ಚಾಲೂ ಮಾಡಿದರು.

ಆಮೇಲಿನ ದಾರಿಯನ್ನು ನಾನು ಓದಿದೆ. ಪ್ರತಿ ಗುಂಡಿಗೂ ಮೂಳೆಯ ಎರಡು ತುದಿ ಒಂದಕ್ಕೊಂದು ತಿಕ್ಕಿ ಕಣ್ಣು ಕತ್ತಲೆಯಾಗುತ್ತಿತ್ತು. "ಬಲ" ಎನ್ನಲು ಉಸಿರು ಸಾಲದೆ ಅರ್ಧ ಮಾಡಿ ಹೇಳುತ್ತಿದ್ದೆ. ಒಂದೆಡೆ ಹಾಳೆ ತಿರುಗಿಸಲು ಎಡಗೈ ಬರದೆ ಹಲ್ಲಿನಲ್ಲಿ ಕಚ್ಚಿ ತಿರುಗಿಸಿದೆ. ಅಷ್ಟು ನೋವಿನಲ್ಲೂ ನನ್ನ ತಲೆಯಲ್ಲಿದ್ದದ್ದು ಒಂದೇ, ಹಿಂದಿನ ಕಾರಿನ ಸದ್ದು ಕೇಳುತ್ತಿದೆಯೇ ಎಂಬುದು. ದೇವರ ಹೆಸರು ಬಾಯಿಗೆ ಬರಲಿಲ್ಲ, ಮಗಳ ಮುಖ ನೆನಪಾಗಲಿಲ್ಲ. ಬಾವುಟ ದಾಟಿದೆವು. ಗಡಿಯಾರ ಹಿಡಿದು ಕೂತಿದ್ದವರು ಮೂರು ಬೆರಳು ಎತ್ತಿ ತೋರಿಸಿದರು. ನಾನು ನಕ್ಕೆನಂತೆ. ಆಮೇಲೆ ಹೆಲ್ಮೆಟ್ ತೆಗೆಯಲು ಹೋಗಿ ಎಚ್ಚರ ತಪ್ಪಿತು.

ಆಸ್ಪತ್ರೆಯಲ್ಲಿ ಎಡಗಡೆಯ ಕಾಲರ್ ಬೋನು ಎರಡು ತುಂಡಾಗಿದೆ ಎಂದರು. ಪ್ಲೇಟು ಹಾಕಿದರು. ಮಾರನೆಯ ದಿನ ಅತ್ತೆ ಮಗಳನ್ನು ಕರೆದುಕೊಂಡು ಬಂದು ಮಂಚದ ಪಕ್ಕ ಕೂತಿದ್ದಾಗ ಡಾಕ್ಟರು ಬಂದರು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಇದಾದ ಮೇಲೂ ಅಷ್ಟು ದೂರ ಓಡಿಸಿದಿರಾ? ಇವರಿಗೆ ಪೆಟ್ಟಾಗಿದೆ ಅಂತ ನಿಮಗೆ ಗೊತ್ತಾಗಲಿಲ್ಲವಾ?" ಎಂದು ಇವರನ್ನು ತಮಿಳಿನಲ್ಲಿ ಕೇಳಿದರು. ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ, ಓಡಿಸುವ ಗಮನದಲ್ಲಿ ಇವರಿಗೆ ತಿಳಿದಿರಲಿಕ್ಕಿಲ್ಲ ಎಂದು. ಇವರು ಕಿಟಕಿಯ ಕಡೆ ನೋಡುತ್ತಾ, "ಗೊತ್ತಾಯ್ತು. ದನಿ ಬದಲಾಗಿತ್ತು" ಎಂದರು.

ನಮ್ಮ ಮಗಳು ಎಲ್ಲ ಚೆನ್ನೈ ಮಕ್ಕಳ ಹಾಗೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಆಗಿನ್ನೂ ಪ್ರೈಮರಿ ಸ್ಕೂಲು. ಅಪ್ಪನ ಮುಖವನ್ನೇ ನೋಡುತ್ತಿದ್ದವಳು, "ಅಪ್ಪುರಂ ಏನ್ ಪಾ ನಿರುತ್ತಲೆ?" ಎಂದು ಕೇಳಿದಳು. ಮತ್ತೆ ಯಾಕಪ್ಪಾ ನಿಲ್ಲಿಸಲಿಲ್ಲ? ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಿಳಿಯದೆ ಟೀಚರನ್ನು ಕೇಳಿದ ಹಾಗಿತ್ತು. ಡಾಕ್ಟರು ಫಿಲ್ಮನ್ನು ಕವರಿನೊಳಗೆ ಹಾಕಿದರು. ಅತ್ತೆ ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರು.

ಟೈರು ವ್ಯಾಪಾರಿ ಮಾತಿಗೆ ತಪ್ಪಲಿಲ್ಲ. ಮರುವಾರ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಹೊಸ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಒಳಗೆ ಬಂತು. ಇವರು ಅವನ್ನು ಇಳಿಸಲೂ ಬಿಡದೆ, ಅದೇ ಟೆಂಪೋದಲ್ಲಿ ಅಂಬತ್ತೂರಿನ ಶೆಡ್ಡಿಗೆ ಕಳಿಸಿದರು, ಬೇಕಾದವರಿಗೆ ಕೊಡಿ ಎಂದು. ನಾನು ತೋಳಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಜಗಳ ಆಡಿದೆ. ಜಗಳ ಆಡಿ ಪ್ರಯೋಜನವಿಲ್ಲ ಎಂದು ಮಾತ್ರ ನನಗೆ ಅದಕ್ಕೂ ಮೊದಲೇ, ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲೇ, ಗೊತ್ತಾಗಿಹೋಗಿತ್ತು.

ಅವತ್ತು ಇವರು ಅದೇ ಕಾರು ತಂದಿದ್ದರು. ಮುಂದಿನ ಮಡ್‌ಗಾರ್ಡು ಜಜ್ಜಿತ್ತು, ಬಾಗಿಲ ಮೇಲೆ ಓಟದ ನಂಬರು ಹಾಗೇ ಇತ್ತು. ಹಿಂದೆ ಸೀಟಿಲ್ಲವಲ್ಲ, ಅತ್ತೆಯನ್ನೂ ಮಗಳನ್ನೂ ಆಟೋದಲ್ಲಿ ಕೂರಿಸಿ, ನನ್ನನ್ನು ಮೆಲ್ಲಗೆ ಒಳಗೆ ಕೂರಿಸಿಕೊಂಡು ಹೊರಟರು. ನಾನು ಉತ್ಸಾಹದಲ್ಲಿದ್ದೆ. ಟೈರು ಬರುತ್ತದೆ, ಮಳೆಗಾಲದ ಹೊತ್ತಿಗೆ ಮೂಳೆ ಕೂಡುತ್ತದೆ, ಮುಂದಿನ ಸಲ ಸಾಲ ಮಾಡಿಯಾದರೂ ಕಾರಿನಲ್ಲೇ ದಾರಿ ನೋಡೋಣ ಎಂದೆಲ್ಲ ಹೇಳುತ್ತಿದ್ದೆ. ಇವರ ಕಣ್ಣು ದಾರಿಯ ಮೇಲೇ ಇತ್ತು. "ಮಗು ಕೇಳಿದ್ದಕ್ಕೆ ತಲೆ ಕೆಡಿಸ್ಕೋಬೇಡಿ ರೀ. ನೀವು ನಿಲ್ಸಿದ್ರೆ ನಾನೇ ನಿಮ್ಮನ್ನ ಹೊಡೀತಿದ್ದೆ, ಓಟು, ಓಡ್ಸು ಅಂತ ಬೈತಿದ್ದೆ" ಎಂದೆ.

"ಅದು ಗೊತ್ತು ಕಣೇ" ಎಂದರು. "ನಿಲ್ಸಲಾ ಅಂತ ಕೇಳಿದ್ರೆ ನೀನು ಬೇಡ ಅಂತಿದ್ದೆ. ಆದ್ರೆ ನಾನು ಕೇಳ್ಲೇ ಇಲ್ವಲ್ಲ. ನಿನ್ನ ಉಸಿರು ಕಿವೀಲಿ ಕೇಳಿಸ್ತಾ ಇತ್ತು. ಕೇಳಿಸ್ಕೊಂಡೇ ಇನ್ನೂ ಜೋರಾಗಿ ಹೊಡೆದೆ."

ಮುಂದೆ ಒಂದು ರಸ್ತೆ ಉಬ್ಬು ಬಂತು. ಇವರು ಕಾರನ್ನು ಪೂರ್ತಿ ನಿಲ್ಲಿಸಿ, ಒಂದು ಚಕ್ರ ಹತ್ತಿಸಿ, ಇಳಿಸಿ, ಇನ್ನೊಂದು ಹತ್ತಿಸಿ ಇಳಿಸಿದರು. "ನೋವಾಯ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಮುಂದಿನ ಉಬ್ಬಿಗೂ ಕೇಳಿದರು. ಮೌಂಟ್ ರೋಡಿನಲ್ಲಿ ನಮ್ಮ ಹಿಂದೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು, ಸೈಕಲ್ಲಿನವರು ಬಗ್ಗಿ ಒಳಗೆ ನೋಡಿ ದಾಟಿಹೋಗುತ್ತಿದ್ದರು. ಅತ್ತೆಯೂ ಮಗಳೂ ಕೂತಿದ್ದ ಆಟೋ, ನಮಗಿಂತ ಆಮೇಲೆ ಹೊರಟದ್ದು, ಪಕ್ಕದಲ್ಲಿ ಬಂತು. ಮಗಳು ತಲೆ ಹೊರಗೆ ಹಾಕಿ ಕೈ ಬೀಸಿದಳು, ಆಟೋ ನಮ್ಮನ್ನು ಹಿಂದೆ ಹಾಕಿ ಹೋಯಿತು.

ನಮ್ಮ ಮುಂದೆ ದಾರಿ ಖಾಲಿಯಿತ್ತು. "ಮೂರನೇ ಗೇರ್ ಹಾಕ್ರೀ" ಎಂದೆ. ಇವರು ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದುಕೊಂಡಿದ್ದರು. ಇನ್ನೊಂದು ಸಲ ಹೇಳಿದೆ. ಆಮೇಲೆ ನನಗೇ ಗೊತ್ತಿಲ್ಲದೆ ಬೇಡಿಕೊಳ್ಳುತ್ತಿದ್ದೆ, ಅಳುತ್ತಾ, "ಒಂದೇ ಒಂದು ಸಲ ಹಾಕಿ, ನಿಮ್ಮ ಕಾಲು ಹಿಡೀತೀನಿ" ಎಂದು. ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡು ಇವರು ಇನ್ನೂ ನಿಧಾನ ಮಾಡಿದರು.